ಭಾನುಮತಿ ಅಲ್ಲ ಸ್ವಾಮಿ, ಭಾನಾಮತಿ!

ಸಾಯಗಾಂವ ಸೆಕೆಂಡ್ ಶೋ

ದೆವ್ವದ ಚಿತ್ರಕ್ಕೆ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬರುವ ಕಾಲ ಇದು! 2025ರ ಜುಲೈನಲ್ಲಿ ತೆರೆಕಂಡ ‘ಸು ಫ್ರಮ್ ಸೋ’ ನೋಡಿದ ಚಿತ್ರರಸಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಹೀರೋ ಇಲ್ಲ, ಫೈಟಿಲ್ಲ, ವಿದೇಶದಲ್ಲಿ ಚಿತ್ರಿಸಿದ ಹಾಡಿಲ್ಲ. ಕರಾವಳಿಯ ಒಂದು ಸಣ್ಣ ಊರು, ಊರ ತುಂಬ ಮಾತಿನ ಮಲ್ಲರು. ಅಶೋಕ ಎಂಬ ಹುಡುಗ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದು, ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಾಟಕ ಹೂಡುತ್ತಾನೆ. ಯಾವ ದೆವ್ವ? ಸೋಮೇಶ್ವರದ ಸುಲೋಚನಾ! ಊರಿಗೆ ಊರೇ ನಂಬುತ್ತೆ. ಆ ಅಶೋಕನಾಗಿ ನಟಿಸಿ, ತಾವೇ ನಿರ್ದೇಶನವನ್ನೂ ಮಾಡಿದ ಜೆ.ಪಿ. ತುಮಿನಾಡ್, ರಾಜ್ ಬಿ. ಶೆಟ್ಟರ ನಿರ್ಮಾಣದ ಈ ಒಂದೇ ಚಿತ್ರದಿಂದ ಗಾಂಧಿನಗರದ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿಬಿಟ್ಟರು.

ಮುಂಬಯಿಯವರು ಈ ಗುಟ್ಟನ್ನು ಮೊದಲೇ ಹಿಡಿದಿದ್ದರು. 2018ರಲ್ಲಿ ಬಂದ ‘ಸ್ತ್ರೀ’ ನೆನಪಿದೆಯಲ್ಲ? ಮಧ್ಯಪ್ರದೇಶದ ಚಂದೇರಿ ಎಂಬ ಸಣ್ಣ ಪೇಟೆ, ಹೊಲಿಗೆ ಯಂತ್ರದ ಮುಂದೆ ರಾಜ್‌ಕುಮಾರ್ ರಾವ್, ರಾತ್ರಿಯಾದರೆ ಗಂಡಸರನ್ನು ಹೊತ್ತೊಯ್ಯುವ ಹೆಣ್ಣು ದೆವ್ವ. ಗೋಡೆ ಮೇಲೆ ‘ನಾಳೆ ಬಾ’ ಅಂತ ಬರೆದರೆ ಅದು ಓದಿಕೊಂಡು ತೆಪ್ಪಗೆ ವಾಪಸು ಹೋಗುತ್ತೆ. ಎಂಥ ಸುಶಿಕ್ಷಿತ ದೆವ್ವ! ಆದರೆ ಕತೆ ಎಲ್ಲಿಯದು? ನಮ್ಮ ಬೆಂಗಳೂರಿನದೇ. 1990ರ ದಶಕದಲ್ಲಿ ಅಲ್ಲಿನ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದನ್ನು ಕಂಡವರು ಇನ್ನೂ ಎಷ್ಟೋ ಮಂದಿ ಇದ್ದಾರೆ. ದೆವ್ವ ನಮ್ಮದು, ಗಲ್ಲಾಪೆಟ್ಟಿಗೆ ಅವರದು. ನಮ್ಮ ನಿರ್ಮಾಪಕ ಮಹಾಶಯರು ಬಾಗಿಲ ಮೇಲಿನ ಬರಹ ಓದಿ ತಾವೂ ‘ನಾಳೆ’ ನೋಡಿಕೊಳ್ಳೋಣ ಅಂತ ಮಲಗಿದ್ದರೋ ಏನೋ!

ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಈ ಪತ್ರಿಕೆಯನ್ನು ಕೊಳ್ಳುವ ಮೊದಲು ಅರ್ಧ ಓದಿಯೇ ಮುಗಿಸುವ ತಮ್ಮಂದಿರ ಪ್ರಶ್ನೆ ಇಲ್ಲೇ ಹುಟ್ಟುತ್ತೆ: “ಅಣ್ಣಾ, ಕರಾವಳಿದು ಆಯ್ತು, ಬೆಂಗಳೂರದು ಆಯ್ತು. ನಮ್ ಕಡಿ ಕತಿ ಯಾಕ ಮಾಡಲ್ಲ ಇವ್ರು? ನಮ್ಮಲ್ಲಿ ದೆವ್ವ ಕಮ್ಮಿ ಅವ ಏನು?”

ಕಮ್ಮಿ ಇಲ್ಲ ತಮ್ಮಾ. ಜಾಸ್ತಿ ಇರೋದೇ ತೊಂದರೆ.

ಸಾಯಗಾಂವದಿಂದ ಔರಾದಿನವರೆಗೆ, ಇತ್ತ ಬೀದರಿನವರೆಗೆ ಯಾರನ್ನಾದರೂ ಕೇಳಿ ನೋಡ್ರಿ, ಒಂದು ಹೆಸರು ಹೇಳದವರಿಲ್ಲ. ಭಾನಾಮತಿ! ದೂರದ ಊರಿನ ಓದುಗರು ಇದನ್ನು ಭಾನುಮತಿ ಅಂತ ಓದಿಕೊಂಡು ಖುಷಿಪಡಬೇಡಿ. ಭಾನುಮತಿ ಅಂದರೆ ಹಾಡಿ, ನಟಿಸಿ, ನಿರ್ದೇಶನವನ್ನೂ ಮಾಡಿ ಮೆರೆದ ತೆಲುಗಿನ ಮಹಾತಾರೆ. ಭಾನಾಮತಿಗೆ ಮುಖವೇ ಇಲ್ಲ. ನಿಮ್ಮ ಕಡೆ ಮಾಟ ಅನ್ನುತ್ತೀರಿ, ಗಡಿಯಾಚೆ ಮರಾಠಿಯವರು ಕರಣಿ ಅನ್ನುತ್ತಾರೆ, ತೆಲಂಗಾಣದವರು ಬಾಣಾಮತಿ ಅನ್ನುತ್ತಾರೆ. ಮೂರು ಭಾಷೆಯ ಜನ ಸಂತೆಯಲ್ಲಿ ಒಂದು ರೂಪಾಯಿಗೆ ಜಗಳಾಡುವ ಈ ಗಡಿಯಲ್ಲಿ ಎಲ್ಲರೂ ಒಪ್ಪಿಕೊಂಡ ಸಂಗತಿ ಇದೊಂದೇ ಇರಬೇಕು.

ಏನಾಗುತ್ತೆ ಅಂತೀರಾ? ಮಾಳಿಗೆ ಮೇಲೆ ಎಲ್ಲಿಂದಲೋ ಕಲ್ಲು ಬೀಳುತ್ತವೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಗೆ ತಾನಾಗಿ ಬೆಂಕಿ ಹತ್ತುತ್ತೆ. ಉಣ್ಣೋ ಗಂಗಾಳದಲ್ಲಿ ಹೊಲಸು ಕಾಣುತ್ತೆ. ಹೊಸದಾಗಿ ಬಂದ ಸೊಸೆ ನಾಯಿಯಂತೆ ಬೊಗಳುತ್ತಾಳೆ, ಅವಳನ್ನು ನೋಡಿ ಪಕ್ಕದ ಮನೆಯವಳೂ ಶುರು ಮಾಡುತ್ತಾಳೆ. 1980ರ ದಶಕದಲ್ಲಿ ಆಗಿನ ಗುಲ್ಬರ್ಗಾ, ಬೀದರ್ ಜಿಲ್ಲೆಗಳಲ್ಲಿ, ಪಕ್ಕದ ಮೆದಕ್‌ನಲ್ಲಿ ಇದರ ಸುದ್ದಿ ಎಷ್ಟು ಜೋರಾಗಿತ್ತೆಂದರೆ ಮನೋವೈದ್ಯರು ಹಳ್ಳಿಗಳಿಗೇ ಬಂದು ನೋಡಬೇಕಾಯಿತು. ಬಾಯಿ ಬಿಟ್ಟು ಹೇಳಲಾಗದ ದುಃಖ ಮೈಯಲ್ಲಿ ಹೀಗೆ ಹೊರಬೀಳುತ್ತೆ, ಒಬ್ಬರಿಂದ ಒಬ್ಬರಿಗೆ ಹರಡುತ್ತೆ ಅಂತ ಅವರು ಹೇಳಿದರು. ಅತ್ತೆ ಮನೆಯಲ್ಲಿ ಬಾಯಿ ಬಿಡುವಂತಿಲ್ಲದ ಹುಡುಗಿ ನಾಯಿಯಂತೆ ಬೊಗಳಿದರೆ ಎಲ್ಲರೂ ಕೈಕಟ್ಟಿ ನಿಂತು ಕೇಳುತ್ತಾರಲ್ಲ! ಯೋಚಿಸಿ ನೋಡಿದರೆ ಇದಕ್ಕಿಂತ ದೊಡ್ಡ ಸೀನು ಯಾವ ಸಿನಿಮಾದಲ್ಲಿದೆ?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಭಾನಾಮತಿಯ ಎರಡನೇ ರೀಲು ಬೇರೆ. ಕಲ್ಲು ಬಿದ್ದ ಮೇಲೆ ಊರು ಕೇಳುವ ಪ್ರಶ್ನೆ, “ಯಾರು ಮಾಡ್ಯಾರ?” ಕೊಲೆ ರಹಸ್ಯದ ಪ್ರತಿ ಸಿನಿಮಾ ಕೇಳುವ ಪ್ರಶ್ನೆಯೂ ಅದೇ. ಆದರೆ ಸಿನಿಮಾದಲ್ಲಿ ಉತ್ತರ ಹುಡುಕುವವನು ಪತ್ತೇದಾರ. ಹಳ್ಳಿಯಲ್ಲಿ ಮಂತ್ರವಾದಿ. ಪತ್ತೇದಾರ ಕೊನೆಯ ರೀಲಿನವರೆಗೆ ಬಾಯಿ ಬಿಡುವುದಿಲ್ಲ, ಯಾಕಂದರೆ ಅವನಿಗೆ ಸಾಕ್ಷಿ ಬೇಕು. ಮಂತ್ರವಾದಿ ಮೊದಲ ರೀಲಿನಲ್ಲೇ ಲಿಂಬಿಹಣ್ಣು ತಿರುಗಿಸಿ ಹೇಳಿಬಿಡುತ್ತಾನೆ: “ಹೆಣ್ಣುಮಗಳು. ಊರಿನ ಮೂಡಣ ದಿಕ್ಕು. ಗಂಡ ಇಲ್ಲ.” ಅಷ್ಟು ಹೇಳಿದರೆ ಸಾಕು, ಉಳಿದ ವಿಳಾಸ ಊರೇ ಬರೆದುಕೊಳ್ಳುತ್ತೆ. ಯಾವಾಗಲೂ ಸಿಗುವವಳು ಒಬ್ಬಳೇ. ಗಂಡ ಸತ್ತವಳು, ಇಲ್ಲವೇ ಮಕ್ಕಳಿಲ್ಲದವಳು, ಇಲ್ಲವೇ ನಾಲ್ಕು ಗಿಡಮೂಲಿಕೆ ಬಲ್ಲ ಸೂಲಗಿತ್ತಿ. ಮಂತ್ರ ಬಾಯಿಂದ ಹೊರಡಬಾರದು ಅಂತ ಹಲ್ಲು ಕಿತ್ತದ್ದು, ಕಲ್ಲು ಹೊಡೆದದ್ದು, ಜೀವ ತೆಗೆದದ್ದು, ಇವೆಲ್ಲ ತೆಲಂಗಾಣದ ಹಳ್ಳಿಗಳಿಂದ ಮತ್ತೆ ಮತ್ತೆ ವರದಿಯಾದ ಸಂಗತಿಗಳು. ಸಿನಿಮಾದಲ್ಲಿ ಮಾಟಗಾತಿ ಕೊಲೆ ಮಾಡುತ್ತಾಳೆ. ಊರಲ್ಲಿ ಮಾಟಗಾತಿಯ ಕೊಲೆ ಆಗುತ್ತೆ.

ಅದಕ್ಕೇ ಕಾನೂನೂ ಬಂತು. ಪುಣೆಯಲ್ಲಿ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಗುಂಡಿಟ್ಟು ಕೊಂದ ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಕರಣಿ, ಭಾನಾಮತಿ ಎಂಬ ಹೆಸರುಗಳೇ ಇವೆ. ಕರ್ನಾಟಕದ ಕಾಯ್ದೆ 2017ರದು, 2020ರ ಜನವರಿಯಿಂದ ಜಾರಿ. ಹಾಗಾಗಿ ಈಗ ಗಡಿಯ ಎರಡೂ ಕಡೆ ಲಿಂಬಿಹಣ್ಣು ತಿರುಗಿಸಿ ಕಂಡವರ ಮೇಲೆ ಊರನ್ನು ಎತ್ತಿಕಟ್ಟುವವನು ಪೊಲೀಸರಿಗೂ ಉತ್ತರ ಕೊಡಬೇಕು.

ಈಗ ಹೇಳ್ರಿ, ಇಂಥ ವಿಷಯದ ಮೇಲೆ ನಗೆಚಿತ್ರ ಮಾಡಬಹುದೇ? ಮಾಡಬಹುದು ಅಂತಲೇ ನನ್ನ ವಾದ. ಹೊರದೇಶದವರು ಮಾಡಿ ಅರಗಿಸಿಕೊಂಡಿದ್ದಾರೆ. ಅಮೆರಿಕದ ಸೇಲಂ ಎಂಬ ಊರಿನಲ್ಲಿ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ನೇಣಿಗೇರಿಸಿದರು. ಇವತ್ತು ಅದೇ ದೇಶದಲ್ಲಿ ಮಾಟಗಾತಿಯ ತಮಾಷೆ ಪತ್ತೇದಾರಿ ಪುಸ್ತಕಗಳ ಸಾಲೇ ಇದೆ. ಕೋಜಿ ಮಿಸ್ಟರಿ ಅಂತ ಕರೆಯುತ್ತಾರೆ. ಅಂದರೆ ಹೊದ್ದುಕೊಂಡು ಬೆಚ್ಚಗೆ ಓದುವ ಕೊಲೆಕತೆ. ಸಣ್ಣ ಊರು, ಒಂದು ಬೇಕರಿ, ಒಂದು ಕರೀ ಬೆಕ್ಕು, ಊರಿನಲ್ಲೊಂದು ಹೆಣ. ಪತ್ತೇದಾರಳು ಯಾರು ಗೊತ್ತೇ? ಮಾಟಗಾತಿಯೇ! ರಕ್ತ ಕಮ್ಮಿ, ಚಹಾ ಜಾಸ್ತಿ. ಆರೋಪಿಯ ಪೀಠದಲ್ಲಿದ್ದವಳನ್ನು ಎಬ್ಬಿಸಿ ಪತ್ತೇದಾರನ ಕುರ್ಚಿಯಲ್ಲಿ ಕೂಡಿಸಿದ್ದೇ ಅವರ ಜಾಣತನ. ಆ ಪುಸ್ತಕಗಳಲ್ಲಿ ಮಂತ್ರವೂ ನಿಜ ಅಂತ ತೋರಿಸುತ್ತಾರೆ, ಅದು ಮಾತ್ರ ನಮಗೆ ಬೇಡ. ಯಾಕೆ ಬೇಡ ಅಂತ ಮುಂದೆ ಹೇಳ್ತೀನಿ.

ಇದಕ್ಕೆಲ್ಲ ಅಜ್ಜಿಯಂತಿರುವುದು ಅಗಾಥಾ ಕ್ರಿಸ್ಟಿ ಬರೆದ 1961ರ ‘ದಿ ಪೇಲ್ ಹಾರ್ಸ್’. ಇಂಗ್ಲೆಂಡಿನ ಒಂದು ಹಳ್ಳಿಯ ಹಳೇ ಮನೆಯಲ್ಲಿ ಮೂವರು ಹೆಂಗಸರು. ದೂರ ಕುಳಿತೇ ಮಂತ್ರ ಹಾಕಿ ಜನರನ್ನು ಕೊಲ್ಲುತ್ತಾರೆ ಅಂತ ನಂಬಿಕೆ. ಜನ ಸಾಯುತ್ತಲೂ ಇದ್ದಾರೆ! ಒಬ್ಬೊಬ್ಬರದೂ ಸಹಜ ಸಾವಿನಂತೆಯೇ ಕಾಣುತ್ತೆ. ಕೊನೆಗೆ ಗುಟ್ಟು ಹೊರಬೀಳುವುದು ಕೂದಲಿನಿಂದ. ಸತ್ತವರ ಕೂದಲು ಉದುರುತ್ತಿತ್ತು, ಅದು ಥ್ಯಾಲಿಯಂ ಎಂಬ ವಿಷದ ಲಕ್ಷಣ. ಮಂತ್ರ ಬರೀ ಪರದೆ, ಅದರ ಹಿಂದೆ ನಿಂತವನು ವಿಷ ಹಾಕುವ ಮನುಷ್ಯ. ಕತೆ ಇಲ್ಲಿಗೇ ಮುಗಿಯಲಿಲ್ಲ. 1977ರಲ್ಲಿ ಕತಾರ್ ದೇಶದಿಂದ ಲಂಡನ್ನಿನ ಆಸ್ಪತ್ರೆಗೆ ಒಂದು ಕೂಸನ್ನು ತಂದರು. ರೋಗ ಏನೆಂದು ವೈದ್ಯರಿಗೆ ತಿಳಿಯಲಿಲ್ಲ. ಅದೇ ಹೊತ್ತಿಗೆ ಈ ಕಾದಂಬರಿ ಓದುತ್ತಿದ್ದ ನರ್ಸ್ ಒಬ್ಬಾಕೆ ಕೂಸಿನ ಕೂದಲು ನೋಡಿ, ಥ್ಯಾಲಿಯಂ ಇರಬಹುದು ಅಂದಳು. ಪರೀಕ್ಷೆ ಮಾಡಿಸಿದರೆ ನಿಜ! ಕೂಸು ಉಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಪತ್ತೇದಾರಿ ಪುಸ್ತಕ ಹಿಡಿದಿದ್ದಕ್ಕೆ ಬೈಸಿಕೊಂಡ ತಮ್ಮಂದಿರು ಮನೆಯಲ್ಲಿ ಈ ಕತೆ ಹೇಳಬಹುದು.

ಅಂದ ಹಾಗೆ, ಕನ್ನಡಕ್ಕೆ ಇಬ್ಬರು ನರಸಿಂಹಯ್ಯ ಇದ್ದರು. ಒಬ್ಬರು ಎನ್. ನರಸಿಂಹಯ್ಯ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ನೂರಾರು ಪತ್ತೇದಾರಿ ಕಾದಂಬರಿ ಬರೆದವರು. ಪತ್ತೇದಾರ ಪುರುಷೋತ್ತಮ ಅವರ ಕೂಸು. ಇನ್ನೊಬ್ಬರು ಎಚ್. ನರಸಿಂಹಯ್ಯ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ಮಾಡಿದವರು. ಒಬ್ಬರು ಕೊಲೆಗಾರನ ಬೆನ್ನು ಹತ್ತಿದರು, ಒಬ್ಬರು ಪವಾಡದ ಬೆನ್ನು ಹತ್ತಿದರು. ಇಬ್ಬರನ್ನೂ ಒಂದೇ ಕತೆಯಲ್ಲಿ ಕೂಡಿಸುವ ಚಿತ್ರ ಇನ್ನೂ ಬರಬೇಕು.

ಹತ್ತಿರ ಬಂದ ಚಿತ್ರಗಳು ಉಂಟು. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಮೈಮೇಲೆ ಬಂದ ಕಾಮಿನಿಯನ್ನು ಯಾರು ಮರೆಯುತ್ತಾರೆ? ಆದರೆ ಅಲ್ಲಿ ದೆವ್ವವೂ ನಿಜ, ಬಿಡಿಸುವ ದೇವರೂ ನಿಜ, ಪತ್ತೇದಾರನಿಗೆ ಕೆಲಸವಿಲ್ಲ. 1985ರ ‘ತುಳಸಿದಳ’ ಯಂಡಮೂರಿಯವರ ಕಾದಂಬರಿ. ಅದನ್ನು ನೋಡಿ ನಗುವ ಧೈರ್ಯ ಯಾರಿಗೂ ಇರಲಿಲ್ಲ. 1993ರಲ್ಲಿ ಉಪೇಂದ್ರ ‘ಶ್!’ ಮಾಡಿದರು. ಸಿನಿಮಾ ಶೂಟಿಂಗಿಗೆ ಬಂದ ತಂಡದಲ್ಲೇ ಕೊಲೆ, ದೆವ್ವದ ಗುಮಾನಿ, ನಡುನಡುವೆ ನಗು. ಈ ಜಾತಿಯ ಮಸಾಲೆಯನ್ನು ಕನ್ನಡದಲ್ಲಿ ಸರಿಯಾಗಿ ಅರೆದವರು ಅವರೇ ಅನ್ನಬೇಕು. 2015ರ ‘ರಂಗಿತರಂಗ’ದಲ್ಲಿ ಅನೂಪ್ ಭಂಡಾರಿ ಕಮರೊಟ್ಟು ಎಂಬ ಊರನ್ನೇ ಕಟ್ಟಿ, ಭೂತದ ಹೆದರಿಕೆಯ ಹಿಂದೆ ಮನುಷ್ಯನೊಬ್ಬನನ್ನು ಅಡಗಿಸಿಟ್ಟರು. ಚೆಂದ ಮಾಡಿದರು, ನಗು ಮಾತ್ರ ಕಡಿಮೆ.

‘ಆಪ್ತಮಿತ್ರ’ದ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. 2004ರ ಚಿತ್ರ, ಪಿ. ವಾಸು ನಿರ್ದೇಶನ, ದ್ವಾರಕೀಶ್ ನಿರ್ಮಾಣ, ಮೂಲ 1993ರ ಮಲಯಾಳಂ ‘ಮಣಿಚಿತ್ರತ್ತಾಳ್’. ನಾಗವಲ್ಲಿಯಾಗಿ ಸೌಂದರ್ಯ ಕಣ್ಣರಳಿಸಿದಾಗ ಟಾಕೀಸಿನಲ್ಲಿ ಉಸಿರು ನಿಲ್ಲುತ್ತಿತ್ತು. ಆಕೆ ಏಪ್ರಿಲ್ 17ರಂದೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು, ಚಿತ್ರ ಬಂದದ್ದು ಆ ಮೇಲೆ. ಎಲ್ಲರೂ ನಾಗವಲ್ಲಿಯ ಕುಣಿತವನ್ನೇ ನೆನೆಯುತ್ತಾರೆ. ನನಗೆ ನೆನಪಿರುವುದು ಪ್ರೇಮಾ ಮಾಡಿದ ಪಾತ್ರ. ಮನೆಯಲ್ಲಿ ಏನೇ ಅನಾಹುತವಾದರೂ ಅನುಮಾನ ಮೊದಲು ಬೀಳುವುದು ಆ ಮೆತ್ತಗಿನ ಹುಡುಗಿಯ ಮೇಲೆ. ಇದೇ ನಿಜವಾದ ಭಾನಾಮತಿ ಕತೆ! ವಿಷ್ಣುವರ್ಧನ್ ಅಂಥ ಡಾಕ್ಟರು ಆ ಮನೆಗೆ ಬಂದರು. ನಮ್ಮೂರಿಗೆ ಯಾರು ಬರುತ್ತಾರೆ?

ನಮ್ಮೂರಿಗೆ ಬಂದದ್ದು ತೆಲುಗಿನ ‘ವಿರೂಪಾಕ್ಷ’. 2023ರ ಏಪ್ರಿಲ್‌ನಲ್ಲಿ ಬಂತು, ಕಾರ್ತಿಕ್ ದಂಡು ನಿರ್ದೇಶನ, ಸಾಯಿ ಧರಮ್ ತೇಜ್ ನಾಯಕ, ಸಂಗೀತ ನಮ್ಮ ಅಜನೀಶ್ ಲೋಕನಾಥ್. ‘ರಂಗಿತರಂಗ’ಕ್ಕೆ ಹಿನ್ನೆಲೆ ಸಂಗೀತ ಕೊಟ್ಟವರೂ ಅವರೇ. ಹೆದರಿಸುವ ಕೆಲಸದಲ್ಲಿ ಚಿತ್ರ ಪಾಸು, ನಾನೂ ಬೆವರಿದೆ. ಆದರೆ ಕತೆ ನೋಡ್ರಿ. ಮಾಟದ ಆರೋಪ ಹೊರಿಸಿ ಊರವರು ಗಂಡಹೆಂಡತಿಯನ್ನು ಸುಡುತ್ತಾರೆ, ವರ್ಷಗಳಾದ ಮೇಲೆ ಊರಿನಲ್ಲಿ ಸಾವಿನ ಸಾಲು ಶುರುವಾಗುತ್ತೆ. ಇಲ್ಲಿ ಮಾಟ ನಿಜ. ಮಾಟ ನಿಜ ಅಂತ ತೆರೆ ಹೇಳಿದ ಕೂಡಲೇ, ಬೆಂಕಿ ಹಚ್ಚಿದ ಊರಿನವರ ಕೈಗೆ ಅರ್ಧ ನ್ಯಾಯ ಸಿಕ್ಕಿಬಿಡುತ್ತೆ. ಹೈದರಾಬಾದಿನ ಮಾಲಿನಲ್ಲಿ ಪಾಪ್‌ಕಾರ್ನ್ ತಿನ್ನುತ್ತಾ ನೋಡುವವನಿಗೆ ಅದು ಬರೀ ಕತೆ. ಚಿತ್ರ ಬಿಟ್ಟ ಮೇಲೆ ಕೊನೆ ಬಸ್ಸು ಹಿಡಿದು, ಮೂಡಣ ದಿಕ್ಕಿನ ಮನೆ ಮುಂದೆ ಹಾದು ಹೋಗುವವನಿಗೆ ಹಾಗಲ್ಲ.

ಹಾಗಾದರೆ ನಮ್ಮ ಚಿತ್ರ ಹೇಗಿರಬೇಕು? ಬರೀ ಟೀಕೆ ಮಾಡಿ ಕೂತರೆ ನನ್ನನ್ನೂ ಬೆಂಗಳೂರಿನ ವಿಮರ್ಶಕರ ಸಾಲಿಗೆ ಸೇರಿಸಿಬಿಡುತ್ತೀರಿ. ಕೇಳ್ರಿ, ಕತೆ ಹೇಳ್ತೀನಿ.

ಮಾಂಜ್ರಾ ನದಿ ದಂಡೆಯ ಒಂದು ಊರು. ಆಚೆ ದಡ ಮಹಾರಾಷ್ಟ್ರ, ಈಚೆ ಕರ್ನಾಟಕ. ಊರಿನಲ್ಲಿ ಒಬ್ಬ ಆಯಿ. ಗಂಡ ಇಲ್ಲ, ಮಕ್ಕಳಿಲ್ಲ, ಬಾವಿ ಪಕ್ಕದ ಎರಡು ಎಕರೆ ಕರಿಭೂಮಿ ಇದೆ. ಒಂದು ಕಾಲಕ್ಕೆ ಸೂಲಗಿತ್ತಿ, ಊರಿನ ಅರ್ಧ ಜನರನ್ನು ಭೂಮಿಗೆ ತಂದ ಕೈ. ಹಗಲಲ್ಲಿ ಎಲ್ಲರೂ ಮಾಟಗಾತಿ ಅಂತಾರೆ, ರಾತ್ರಿ ಕೂಸಿಗೆ ಹೊಟ್ಟೆ ನೋವು ಬಂದರೆ ಅವಳ ಬಾಗಿಲನ್ನೇ ಬಡೀತಾರೆ. ತಮಾಷೆ ಎಲ್ಲಿ ಅಂತೀರಾ? ಆಯಿಗೆ ಈ ಹೆಸರಿನಿಂದ ಲಾಭವೂ ಇದೆ! ಅವಳ ಮಾವಿನ ಗಿಡದ ಒಂದು ಕಾಯನ್ನೂ ಯಾರೂ ಮುಟ್ಟಲ್ಲ. ಬಸ್ಸಿನಲ್ಲಿ ಅವಳು ಹತ್ತಿದರೆ ಮೂರು ಸೀಟು ಖಾಲಿ. ಸಾಲ ಕೊಟ್ಟವನು ಬಡ್ಡಿ ಕೇಳಲು ಬಂದು ಬಾಗಿಲಲ್ಲೇ ನಮಸ್ಕಾರ ಹೊಡೆದು ಹೋಗ್ತಾನೆ. ಅವಳೂ ಸುಮ್ಮನಿರಲ್ಲ, ಬೇಕಂತಲೇ ಬಾಯಲ್ಲಿ ಏನೋ ಗೊಣಗುತ್ತಾಳೆ. ಹತ್ತಿರ ಹೋಗಿ ಕೇಳಿದರೆ ಸೊಪ್ಪಿನ ರೇಟು.

ಒಂದು ಅಮಾವಾಸ್ಯೆ. ಊರಿನ ಭೂಮಿ ದಲ್ಲಾಳಿ ನದಿ ದಂಡೆಯಲ್ಲಿ ಸತ್ತು ಬಿದ್ದಿದ್ದಾನೆ. ಬಾಯಲ್ಲಿ ನೊರೆ. ಮನೆ ಹೊಸ್ತಿಲ ಮೇಲೆ ಲಿಂಬಿಹಣ್ಣು, ರಕ್ತದ ಕಲೆ. ತಲೆ ಮಹಾರಾಷ್ಟ್ರದಲ್ಲಿ, ಕಾಲು ಕರ್ನಾಟಕದಲ್ಲಿ. ಎರಡೂ ಕಡೆಯ ಹವಾಲ್ದಾರರು ಬಂದು, “ತಲಿ ಇದ್ದವರದ್ದೇ ಕೇಸು,” “ಕಾಲಿಲ್ದೆ ತಲಿ ಇಲ್ಲಿ ತನಕ ನಡ್ಕೊಂಡು ಬಂತೇನ್ರಿ?” ಅಂತ ಕಿತ್ತಾಡುತ್ತಾರೆ. ಅಷ್ಟರಲ್ಲಿ ಮಂತ್ರವಾದಿ ಹಾಜರು. ಮೂಡಣ ದಿಕ್ಕು, ಗಂಡ ಇಲ್ಲ. ಊರು ಕಲ್ಲು ಹಿಡಿದು ಆಯಿಯ ಬಾಗಿಲಿಗೆ ಬರುತ್ತೆ. ಇಲ್ಲಿಗೆ ನಗು ನಿಲ್ಲಬೇಕು. ಟಾಕೀಸಿನಲ್ಲಿ ಶಿಳ್ಳೆ ಹೊಡೆಯುತ್ತಿದ್ದವನ ಬೆರಳು ಬಾಯಲ್ಲೇ ಉಳೀಬೇಕು.

ಆಯಿ ಹೊರಗೆ ಬರುತ್ತಾಳೆ. ಅಳುವುದಿಲ್ಲ, ಡೈಲಾಗು ಹೊಡೆಯುವುದಿಲ್ಲ. ಹೊಸ್ತಿಲ ರಕ್ತ ನೋಡಬೇಕು ಅಂತಾಳೆ. ಆ ಮಂತ್ರವಾದಿಯ ಕೈಯಲ್ಲಿದ್ದ ಲಿಂಬಿಹಣ್ಣನ್ನೇ ಇಸಗೊಂಡು ಹಿಂಡುತ್ತಾಳೆ. ಕೆಂಪಗಿದ್ದ ರಕ್ತ ಎಲ್ಲರ ಕಣ್ಣೆದುರೇ ಹಳದಿ! ಯಾಕೆ? ಅದು ಅರಿಶಿಣಕ್ಕೆ ಸುಣ್ಣ ಕಲಸಿದ ನೀರು. ಮದುಮಕ್ಕಳಿಗೆ ಆರತಿ ಎತ್ತುವ ಪ್ರತಿ ಹೆಣ್ಣುಮಗಳಿಗೂ ಆ ಕೆಂಪು ಗೊತ್ತು, ಹುಳಿ ಬಿದ್ದರೆ ಅದು ತಿರುಗಿ ಹಳದಿಯಾಗುತ್ತೆ. ಹುಲಿಕಲ್ ನಟರಾಜ್ ಅವರು ಊರೂರಲ್ಲಿ ಪವಾಡ ಬಯಲು ಮಾಡುವುದನ್ನು ನೋಡಿದವರಿಗೆ ಇಂಥ ಕೈಚಳಕ ಹೊಸದಲ್ಲ. ಸೀರೆಗೆ ತಾನಾಗಿ ಹತ್ತುವ ಬೆಂಕಿಯೂ ಇದೇ ಜಾತಿಯದು, ನೀರಲ್ಲಿ ಮುಳುಗಿಸಿಡುವ ಬಿಳಿ ರಂಜಕ ಒಣಗಿದರೆ ಗಾಳಿಗೇ ಹೊತ್ತಿಕೊಳ್ಳುತ್ತೆ. ಇಲ್ಲಿಗೆ ಇಂಟರ್‌ವಲ್.

ಎರಡನೇ ಭಾಗ ಪೂರ್ತಿ ಪತ್ತೇದಾರಿ. ಆಯಿಗೆ ಸಹಾಯಕ್ಕೆ ನಿಮ್ಮಂಥ ಇಬ್ಬರು ಸಿನಿಮಾ ಹುಚ್ಚಿನ ಹುಡುಗರು. ಸತ್ತವನ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣಗಾಗಿತ್ತು ಅಂತ ಆಯಿ ಗಮನಿಸಿದ್ದಾಳೆ. ಸೋಯಾ ಹೊಲಕ್ಕೆ ಎಣ್ಣಿ ಹೊಡೆಯುವವರಿಗೆ ವಿಷ ಏರಿದಾಗಲೂ ಹೀಗೇ ಆಗುತ್ತೆ, ಬಾಯಲ್ಲಿ ನೊರೆ, ಪಾಪೆ ಸಣ್ಣದು. ಸರ್ಕಾರಿ ದವಾಖಾನೆಯ ಡಾಕ್ಟರೂ ಹೌದು ಅಂತಾರೆ. ಮಂತ್ರಕ್ಕೆ ಡಬ್ಬಿ ಬೇಕಿಲ್ಲ, ವಿಷಕ್ಕೆ ಬೇಕು. ಡಬ್ಬಿ ಯಾರು ಕೊಂಡರು? ಹುಡುಗರು ಗೊಬ್ಬರದ ಅಂಗಡಿಯಿಂದ ತಹಶೀಲ್ ಕಚೇರಿಗೆ ಓಡುತ್ತಾರೆ. ಈಚೆ ಪಹಣಿ, ಆಚೆ ಸಾತ್‌ಬಾರಾ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಆಯಿಯ ಎರಡು ಎಕರೆಯ ಮೇಲೆ ಯಾರ ಕಣ್ಣಿತ್ತು ಅಂತ ತಿಳಿಯುತ್ತೆ. ದಲ್ಲಾಳಿಯನ್ನು ಕೊಂದವನು ಒಂದೇ ಕಲ್ಲಿಗೆ ಎರಡು ಹಣ್ಣು ಉದುರಿಸಲು ಹೊರಟಿದ್ದ, ಎರಡನೆಯ ಹಣ್ಣು ಆಯಿ. ಅವನು ಯಾರು? ಅದನ್ನೂ ಇಲ್ಲೇ ಬರೆದರೆ ನಾಳೆ ನಿರ್ಮಾಪಕರು ನನಗೆ ದುಡ್ಡು ಕೊಡ್ತಾರಾ? ಒಂದು ಮಾತ್ರ ಹೇಳ್ತೀನಿ, ಕಲ್ಲು ಹಿಡಿದ ಗುಂಪಿನಲ್ಲಿ ಅವನು ಎಲ್ಲರಿಗಿಂತ ಹಿಂದೆ ನಿಂತಿದ್ದ.

ತಾರಾಗಣದ ಮಾತಿಗೆ ಬರೋಣ. ಆಯಿಯ ಪಾತ್ರಕ್ಕೆ ಉಮಾಶ್ರೀಯವರೇ ಆಗಬೇಕು, ಬೇರೆ ಹೆಸರು ನನ್ನ ಬಳಿ ಇಲ್ಲ. 1995ರ ‘ಪುಟ್ನಂಜ’ದಲ್ಲಿ ರವಿಚಂದ್ರನ್‌ಗೆ ಅಜ್ಜಿಯಾಗಿ ಇಡೀ ಟಾಕೀಸನ್ನು ಉರುಳಾಡಿಸಿ ನಗಿಸಿದವರು, ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿಯಾಗಿ ರಾಷ್ಟ್ರಪ್ರಶಸ್ತಿ ತಂದವರು. ಈ ಪಾತ್ರಕ್ಕೆ ಅವೆರಡೂ ಬೇಕು. ಇಬ್ಬರು ಹುಡುಗರನ್ನು ಮಾತ್ರ ಬೆಂಗಳೂರಿನಿಂದ ತರಬೇಡ್ರಿ. “ಏನ್ ಮಾಡ್ಲತ್ತೀ” ಅನ್ನುವ ಮಾತು ನಾಲಿಗೆಗೆ ತಾನಾಗಿ ಬರುವವರು ಇಲ್ಲೇ ಬೀದರಿನಲ್ಲಿ, ಭಾಲ್ಕಿಯಲ್ಲಿ ಬೇಕಾದಷ್ಟು ಸಿಗುತ್ತಾರೆ. ಇಷ್ಟು ವರ್ಷ ನಮ್ಮ ಭಾಷೆಯನ್ನು ಕಾಮಿಡಿಯವನ ಬಾಯಿಗೆ ಮಾತ್ರ ಕೊಟ್ಟಿರಿ, ಒಮ್ಮೆ ಪತ್ತೇದಾರನ ಬಾಯಿಗೂ ಕೊಟ್ಟು ನೋಡ್ರಿ. ಹಾಡು ಎರಡು ಸಾಕು, ಅದರಲ್ಲಿ ಒಂದು ಮೊಹರಮ್ಮಿನ ಪದ ಇರಲಿ. ಹವಾಲ್ದಾರರಿಬ್ಬರಿಗೆ ಒಂದು ಫೈಟು, ಅದೂ ಮೊಳಕಾಲುದ್ದ ನೀರಿನಲ್ಲಿ.

ಚಿತ್ರಕ್ಕೆ ಹೆಸರು ಇನ್ನೂ ಗೊತ್ತುಮಾಡಿಲ್ಲ. ‘ಲಿಂಬಿಹಣ್ಣು’ ಅಂತ ಇಡೋಣ ಅಂದರೆ ಜ್ಯೂಸ್ ಅಂಗಡಿ ಜಾಹೀರಾತಿನಂತಿದೆ ಅಂತ ಗೆಳೆಯರು ನಗ್ತಾರೆ. ನಿಮಗೆ ಇನ್ನೂ ಚೆನ್ನಾಗಿರೋದು ಹೊಳೆದರೆ ಒಂದು ಪೋಸ್ಟ್‌ಕಾರ್ಡ್ ಹಾಕ್ರಿ.